ಹಳದಿಯ ತಂತಿ

ನಮ್ಮ ಮನೆಯ ಕೊಟ್ಟಿಗೆಯಲ್ಲಿ ದನಗಳಿಲ್ಲದೆ ಬಹುಕಾಲವಾಯಿತು. ಈಗ ಅಲ್ಲಿ ನಿಂತಿರುವುದು ನನ್ನ ಅಣ್ಣನ ಅಂಬಾಸಡರ್ ಕಾರು. ದನವಾದರೆ ಹಸಿದಾಗ ಕೂಗಿ ತಿಳಿಸುವುದು. ಕಾರಿಗೆ ಆ ಸೌಜನ್ಯವಿಲ್ಲ. ಎರಡು ದಿವಸ ಸುಖವಾಗಿದ್ದು, ಮೂರನೆಯ ದಿನದ ಬೆಳಿಗ್ಗೆ ಕೀಲಿಯನ್ನು ತಿರುಗಿಸಿದರೆ ಒಂದು ಸಲ ನರಳಿ ಸುಮ್ಮನಾಗುವುದು. ಬ್ಯಾಟರಿಯಲ್ಲಿ ಲವಲೇಶವೂ ಶಕ್ತಿಯಿರುತ್ತಿರಲಿಲ್ಲ. ಹೊಸ ಬ್ಯಾಟರಿಯನ್ನು ತಂದು ಹಾಕಿಸಿದೆನು. ಅದಕ್ಕೂ ಅದೇ ಗತಿಯಾಯಿತು.

ಅಣ್ಣನು ತೀರಿಹೋಗಿ ಎರಡು ವರ್ಷಗಳಾದುವು. ಕಾರು 1984ನೆಯ ಇಸವಿಯದು. ಕಲ್ಕತ್ತೆಯ ಬಳಿಯ ಉತ್ತರಪಾಡದ ಕಾರ್ಖಾನೆಯಲ್ಲಿ ಹುಟ್ಟಿದುದು. ಅದರ ಕುಲವಾದರೋ ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಎಂಬ ಕಾರಿನದು. 2014ರಲ್ಲಿ ಆ ಕಾರ್ಖಾನೆಯು ಅಂಬಾಸಡರನ್ನು ಮಾಡುವುದನ್ನೇ ನಿಲ್ಲಿಸಿತು. ಬಜಗೋಳಿಯಲ್ಲಿ ಕಾರ್ಕಳದಿಂದ ಬಂದ ಮಾರ್ಗವು ಎರಡಾಗುತ್ತದೆ. ಒಂದು ಮಾಳದ ಮೇಲಿಂದ ಘಟ್ಟವನ್ನೇರಿ ಕುದುರೆಮುಖ ಶೃಂಗೇರಿಗಳ ಕಡೆಗೆ, ಮತ್ತೊಂದು ಹೊಸ್ಮಾರು ನಾರಾವಿಗಳನ್ನು ಹಾದು ಧರ್ಮಸ್ಥಳದ ಕಡೆಗೆ. ಈ ಎರಡು ದಾರಿಗಳಲ್ಲಿಯೂ ಅಣ್ಣನ ಕಾರನ್ನು ಅರಿಯದವರು ವಿರಳ. ಹೆರಿಗೆಗೆ, ಹಾವು ಕಚ್ಚಿದುದಕ್ಕೆ, ಮದುವೆಯ ದಿಬ್ಬಣಕ್ಕೆ ಅದನ್ನು ಕೇಳಿದವರಿಗೆ ಅವನು ಇಲ್ಲವೆಂದುದಿಲ್ಲ.

ಬೆಂಗಳೂರಿನಲ್ಲಿರುವ ಅಣ್ಣನ ಮಗನ ಅಭಿಪ್ರಾಯವು ಬೇರೆ. "ಚಿಕ್ಕಪ್ಪಾ, ಅದನ್ನು ಗುಜರಿಗೆ ಕೊಟ್ಟುಬಿಡೋಣ" ಎಂದು ದೂರವಾಣಿಯಲ್ಲಿ ಹೇಳುತ್ತಿದ್ದನು. ಅವನ ಲೆಕ್ಕವು ತಪ್ಪೆಂದು ನಾನು ಹೇಳಲಾರೆನು. ಹದಿನೈದು ವರ್ಷ ತುಂಬಿದ ಕಾರಿನ ನೋಂದಣಿಯನ್ನು ಮತ್ತೆ ಮಾಡಿಸಲು ಮೊದಲು 600 ರೂಪಾಯಿ ಇದ್ದುದು 2022ರ ಎಪ್ರಿಲಿನಿಂದ 5,000 ಆಯಿತು. 2025ರ ಆಗಸ್ಟಿನಲ್ಲಿ ಇಪ್ಪತ್ತು ವರ್ಷ ಮೀರಿದ ಕಾರುಗಳಿಗೆ 10,000 ಆಯಿತು. ನಡೆಯದ ಕಾರಿಗೆ ಇಷ್ಟು ವೆಚ್ಚವೇಕೆಂಬುದು ಅವನ ಪ್ರಶ್ನೆ. ಅತ್ತಿಗೆಯವರು ಬೇಕೆಂದೂ ಹೇಳರು, ಬೇಡವೆಂದೂ ಹೇಳರು. ಕೊನೆಗೆ, ಮಳೆಗಾಲಕ್ಕೆ ಮೊದಲು ಕಾರು ಸರಿಯಾದರೆ ಇರಲಿ, ಇಲ್ಲವಾದರೆ ತೂಕಕ್ಕೆ ಹೋಗಲಿ ಎಂದು ನಿಶ್ಚಯವಾಯಿತು.

ಒಂದು ಗ್ಯಾರೇಜಿನವರು ಬಂದು ನೋಡಿ, ಮುಚ್ಚಳವನ್ನೆತ್ತಿ, ತಂತಿಗಳ ಗೊಂಚಲನ್ನು ಕಂಡು, "ಇದರಲ್ಲಿ ಯಾವುದು ಎಲ್ಲಿಗೆ ಹೋಗುತ್ತದೆಂದು ದೇವರಿಗೇ ಗೊತ್ತು, ಇಡೀ ವೈರಿಂಗನ್ನು ಕಿತ್ತು ಹೊಸತು ಹಾಕಬೇಕು" ಎಂದರು. ಅವರು ಹೇಳಿದ ಮೊತ್ತವನ್ನು ಕೇಳಿದ ಮೇಲೆ ನಾನು ಅವರಿಗೆ ಎಳನೀರು ಕೊಟ್ಟು ಕಳುಹಿಸಿದೆನು. ಅರ್ಥವಾಗದ ಶ್ಲೋಕವನ್ನು ಹರಿದು ಹಾಕುವುದು ವ್ಯಾಖ್ಯಾನವಲ್ಲವಷ್ಟೆ.

ಆಗ ನೆನಪಾದವರು ನಮ್ಮ ನೆರೆಯ ಒಬ್ಬ ವೃದ್ಧರು. ಬಸ್ಸು ಲಾರಿಗಳ ವಿದ್ಯುತ್ ಕೆಲಸದಲ್ಲಿ ಆಯುಷ್ಯವನ್ನು ಸವೆಸಿದವರು. ಕೈ ನಡುಗುತ್ತದೆ, ಕಣ್ಣಿಗೆ ಪೊರೆ ಬಂದಿದೆ. "ಮಾಷ್ಟ್ರೇ, ನನಗೆ ಬಣ್ಣ ಕಾಣುವುದಿಲ್ಲ. ನೀವು ಬಣ್ಣ ಹೇಳಿ, ನಾನು ಅದು ಎಂತದೆಂದು ಹೇಳುತ್ತೇನೆ" ಎಂದರು. (ಅವರು ಆಡಿದುದು ತುಳುವಿನಲ್ಲಿ, ನಾನು ಕನ್ನಡದಲ್ಲಿ ಬರೆದಿರುವೆನು.) ಹೀಗೆ ಅರುವತ್ತೊಂದನೆಯ ವಯಸ್ಸಿನಲ್ಲಿ ನನಗೆ ಪುನಃ ಅಕ್ಷರಾಭ್ಯಾಸವಾಯಿತು.

ಕಂದು ಬಣ್ಣದ ತಂತಿಯು ಬ್ಯಾಟರಿಯಿಂದ ನೇರವಾಗಿ ಬಂದುದು; ಅದರಲ್ಲಿ ಹಗಲಿರುಳೂ ಪ್ರವಾಹವಿರುವುದು. ಬಿಳಿಯದು ಕೀಲಿಯನ್ನು ತಿರುಗಿಸಿದಾಗ ಮಾತ್ರ ಎಚ್ಚರಗೊಳ್ಳುವುದು. ಹಸುರು, ಕೀಲಿಯನ್ನೂ ಫ್ಯೂಸನ್ನೂ ದಾಟಿ ಬಂದುದು. ಕೆಂಪು ಬದಿಯ ಮತ್ತು ಹಿಂದಿನ ಸಣ್ಣ ದೀಪಗಳಿಗೆ, ನೀಲಿ ಮುಂದಿನ ದೊಡ್ಡ ದೀಪಗಳಿಗೆ, ಕಪ್ಪು ಕಾರಿನ ಮೈಗೆ. ಕಾರಿನಲ್ಲಿ ಹೋಗುವುದಕ್ಕೆ ಮಾತ್ರ ತಂತಿ ಬೇಕು. ಹಿಂದಿರುಗುವುದಕ್ಕೆ ಕಬ್ಬಿಣದ ಮೈಯೇ ದಾರಿ. ಇಷ್ಟು ಸಾಮಾನ್ಯಸೂತ್ರ. ಇನ್ನು ವಿಶೇಷವೇನೆಂದರೆ, ಒಂದು ಬಣ್ಣದ ತಂತಿಯ ಮೇಲೆ ಮತ್ತೊಂದು ಬಣ್ಣದ ಸಣ್ಣ ಗೆರೆಯಿರುವುದುಂಟು. ಹಸುರಿನ ಮೇಲೆ ಕೆಂಪು ಗೆರೆಯಾದರೆ ಎಡಕ್ಕೆ ತಿರುಗುವ ದೀಪ, ಬಿಳಿಯ ಗೆರೆಯಾದರೆ ಬಲಕ್ಕೆ, ನೇರಳೆಯಾದರೆ ಬ್ರೇಕಿನ ದೀಪ. ನೀಲಿಯ ಮೇಲೆ ಬಿಳಿಯಿದ್ದರೆ ದೂರಕ್ಕೆ ಬೀಳುವ ಬೆಳಕು, ಕೆಂಪಿದ್ದರೆ ತಗ್ಗಿದ ಬೆಳಕು. ಇದನ್ನು ಕೇಳಿ ನನಗೆ ಆದ ಸಂತೋಷವು ವರ್ಣನಾತೀತ. ಮೈಯ ಬಣ್ಣವು ಪ್ರಕೃತಿ, ಗೆರೆಯು ಪ್ರತ್ಯಯ! ನಾಲ್ಕು ದಶಕಗಳ ಹೊಗೆ ಎಣ್ಣೆಗಳಲ್ಲಿ ಮಾಸಿದ ಆ ಗೊಂಚಲು ಒಮ್ಮೆಲೇ ವ್ಯಾಕರಣಬದ್ಧವಾದ ವಾಕ್ಯವಾಗಿ ಕಂಡಿತು. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಒರಸಿದಲ್ಲೆಲ್ಲ ಗೆರೆಗಳು ಮೂಡುತ್ತಿದ್ದುವು.

ವೃದ್ಧರು ಮಾಡಿಸಿದ ಪರೀಕ್ಷೆಯು ಸರಳವಾದುದು; ಮನೆಯಲ್ಲಿ ಹಳೆಯ ಕಾರುಳ್ಳ ವಾಚಕರಿಗೆ ಉಪಯೋಗವಾದೀತೆಂದು ಬರೆಯುತ್ತೇನೆ. ಕಾರಿನ ಬಾಗಿಲುಗಳನ್ನು ಮುಚ್ಚಿ, ಎಲ್ಲ ಸ್ವಿಚ್ಚುಗಳನ್ನು ಆರಿಸಿ, ಬ್ಯಾಟರಿಯ ಋಣ ತುದಿಯ ಹಿಡಿಯನ್ನು ಕಳಚಬೇಕು. ಆ ತುದಿಗೂ ಕಳಚಿದ ಹಿಡಿಗೂ ನಡುವೆ ಹನ್ನೆರಡು ವೋಲ್ಟಿನ ಒಂದು ಚಿಕ್ಕ ಬಲ್ಬನ್ನು ಸೇರಿಸಬೇಕು. ಎಲ್ಲವೂ ಆರಿದ್ದರೆ ಬಲ್ಬು ಉರಿಯಬಾರದು. ನಮ್ಮದು ಉರಿಯಿತು, ಪ್ರಕಾಶವಾಗಿ ಅಲ್ಲ, ಹೊಗೆಯೊಳಗಿನ ಕೆಂಡದಂತೆ. ಕೊಟ್ಟಿಗೆಯ ಬಾಗಿಲನ್ನೆಳೆದುಕೊಂಡು ಕತ್ತಲೆಯಲ್ಲಿ ನಾವಿಬ್ಬರು ಮುದುಕರು ಆ ಕೆಂಪನ್ನು ನೋಡುತ್ತ ನಿಂತೆವು. ಬಲ್ಬಿನ ಸ್ಥಾನದಲ್ಲಿ ಮಲ್ಟಿಮೀಟರನ್ನಿಟ್ಟಾಗ ಸುಮಾರು 0.4 ಆಂಪಿಯರ್ ತೋರಿಸಿತು. ಇಪ್ಪತ್ತನಾಲ್ಕು ಗಂಟೆಗಳಿಗೆ ಹತ್ತಿರ ಹತ್ತಿರ ಹತ್ತು ಆಂಪಿಯರ್-ಗಂಟೆ. ನಮ್ಮ ಬ್ಯಾಟರಿಯ ಧಾರಣಶಕ್ತಿಯೇ ನಲುವತ್ತರಷ್ಟು. ಮೂರನೆಯ ಬೆಳಿಗ್ಗೆ ಅದು ನರಳದೆ ಮತ್ತೇನು ಮಾಡೀತು?

ಇನ್ನು ಮುಂದಿನದು ತಾರ್ಕಿಕರ ಅನ್ವಯ-ವ್ಯತಿರೇಕ. ಯಾವುದಿದ್ದರೆ ಕಾರ್ಯವಿರುವುದೋ, ಯಾವುದಿಲ್ಲದಿದ್ದರೆ ಇಲ್ಲವೋ, ಅದು ಕಾರಣ. ಬಲ್ಬನ್ನು ಮೊದಲಿನ ಸ್ಥಾನಕ್ಕೇ ಸೇರಿಸಿ ಫ್ಯೂಸುಗಳನ್ನು ಒಂದೊಂದಾಗಿ ತೆಗೆದೆವು. ಬಲ್ಬು ಆರಲಿಲ್ಲ. ವೃದ್ಧರು ತಲೆಯಾಡಿಸಿ, "ಫ್ಯೂಸಿಗೆ ಸಿಕ್ಕದ ಕಳ್ಳ. ಕಂದು ತಂತಿಯಿಂದಲೇ ನೇರ ಕದ್ದಿದ್ದಾನೆ" ಎಂದರು. ಡ್ಯಾಷಿನ ಅಡಿಯಲ್ಲಿ ನಾನು ಅಂಗಾತ ಮಲಗಿ, ಟಾರ್ಚನ್ನು ಬಾಯಲ್ಲಿ ಕಚ್ಚಿಕೊಂಡು, ಕಂದು ತಂತಿಗಳ ಕವಲುಗಳನ್ನು ಬಿಡಿಸತೊಡಗಿದೆನು. ನಾಲ್ಕನೆಯ ಕವಲನ್ನು ಬಿಡಿಸಿದಾಗ ಹೊರಗಿನಿಂದ "ಆರಿತು!" ಎಂಬ ಧ್ವನಿ ಬಂದಿತು.

ಆ ಕವಲಿಗೆ ಜೋಡಿಸಿದ್ದ ತಂತಿಯು ಹಳದಿ. ಕಾರಿನ ತಂತಿಯೇ ಅಲ್ಲ. ಮನೆಯ ಗೋಡೆಗಳಲ್ಲಿ ಹಾಕುವಂಥದು. ಪಾಣಿನಿಯ ಭಾಷೆಯ ನಡುವೆ ಅಪಭ್ರಂಶ ಬಂದ ಹಾಗೆ. ಜೋಡಣೆಯ ಮೇಲೆ ಸುತ್ತಿದ್ದುದು ವಿದ್ಯುತ್ ಕೆಲಸದ ಟೇಪಲ್ಲ. ಉಗುರಿನಿಂದ ಕೆರೆದು ನೋಡಿದೆನು. ಗಾಯಕ್ಕೆ ಅಂಟಿಸುವ ಬಟ್ಟೆಯ ಪ್ಲಾಸ್ಟರು, ಕಂದಿ ಹೋಗಿತ್ತು. "ಯಾರಪ್ಪ ಈ ಕೆಲಸ ಮಾಡಿದ ಮಹಾನುಭಾವ? ಫ್ಯೂಸೂ ಇಲ್ಲ, ಎಂತದೂ ಇಲ್ಲ" ಎಂದು ವೃದ್ಧರು ಗದರಿದರು. ಯಾರೆಂದು ನನಗೆ ತಿಳಿದಿತ್ತು. ಅಮ್ಮನ ಕೋಣೆಯಲ್ಲಿ ಅಣ್ಣನು ತಾನೇ ಎಳೆದ ದೀಪದ ತಂತಿಯೂ ಇದೇ ಹಳದಿ.

ಬ್ಯಾಟರಿಯನ್ನು ಪೂರ್ತಿಯಾಗಿ ಬಿಡಿಸಿಟ್ಟು ಅದರ ಜಾಡನ್ನು ಹಿಡಿದೆವು. ನಾನು ಒಂದು ತುದಿಯನ್ನು ಮೆಲ್ಲನೆ ಜಗ್ಗುವುದು, ವೃದ್ಧರು ಬೆರಳುಗಳಿಂದ ಮುಂದಿನ ಅಲುಗಾಟವನ್ನು ಅರಿಯುವುದು. ಕಣ್ಣಿಗಿಂತ ಅವರ ಬೆರಳು ಚುರುಕು. ತಂತಿಯು ಮೊದಲು ಡ್ಯಾಷಿನ ಕೆಳಗಿನ ಒಂದು ಕರಿಯ ಗುಬುಟಿಗೆ ಹೋಗಿತ್ತು. ಎಳೆದರೆ ಹತ್ತುವ, ಒತ್ತಿದರೆ ಆರುವ ಬಗೆಯ ಸ್ವಿಚ್ಚು. ಅದು ಎಳೆದ ಸ್ಥಿತಿಯಲ್ಲಿತ್ತು.

"ಇದನ್ನು ಎಳೆದವರು ಯಾರು?" ಎಂದು ಅವರು ಕೇಳಿದರು.

ನಾನೇ. ಆ ದಿನ ಕಾರನ್ನು ಶುಚಿ ಮಾಡುವ ಉತ್ಸಾಹದಲ್ಲಿ, ಹೆಸರಿಲ್ಲದ ಆ ಗುಬುಟಿಯನ್ನು ಎಳೆದು ನೋಡಿದ್ದೆನು. ಏನೂ ಆಗಲಿಲ್ಲವಾದ್ದರಿಂದ ಸತ್ತುಹೋದ ಅವಯವವೆಂದು ತಿಳಿದು ಹಾಗೆಯೇ ಬಿಟ್ಟಿದ್ದೆನು. ಅದಕ್ಕೆ ಮೊದಲು ಬ್ಯಾಟರಿಯು ಎಂದೂ ಬರಿದಾದುದಿಲ್ಲ. ಶಿಷ್ಯರಿಗೆ ವರ್ಷಗಟ್ಟಲೆ ಅನ್ವಯ-ವ್ಯತಿರೇಕವನ್ನು ಬೋಧಿಸಿದವನು, ನಡುವೆ ಹೊಸತಾಗಿ ಬಂದುದು ತನ್ನ ಕೈಯೇ ಎಂಬುದನ್ನು ಮಾತ್ರ ಲೆಕ್ಕಕ್ಕೆ ಹಿಡಿಯಲಿಲ್ಲ. ವೃದ್ಧರು ನಗಲಿಲ್ಲ, ಅದು ಅವರ ದೊಡ್ಡತನ.

ಆದರೆ ಏನೂ ಆಗಲಿಲ್ಲವೇಕೆ? ಹಳದಿಯ ತಂತಿಯು ಅಲ್ಲಿಂದ ನೆಲದ ಅಂಚಿನಲ್ಲಿ ಹಿಂದಕ್ಕೆ ಹೋಗಿ, ಮುಂದಿನ ಆಸನದ ಬೆನ್ನಿನ ಬುಡದಲ್ಲಿ ಕೊನೆಯಾಗಿತ್ತು. ಅಲ್ಲಿ ತಗಡಿನ ಒಂದು ಚಿಕ್ಕ ಮರೆ, ಅದರೊಳಗೆ ಐದು ವಾಟಿನ ಬಲ್ಬು. ಅದೇ ಶುಚಿತ್ವದ ದಿನ ನಾನು ಹಾಸಿದ ಹೊಸ ತೆಂಗಿನ ನಾರಿನ ಚಾಪೆಯು ಅಳತೆಗಿಂತ ದೊಡ್ಡದಾಗಿ, ಅದರ ಅಂಚು ಮೇಲಕ್ಕೆ ಮಡಚಿ ಬಲ್ಬನ್ನು ಮುಚ್ಚಿಬಿಟ್ಟಿತ್ತು. ಚಾಪೆಯನ್ನು ಎತ್ತಿದೆನು. ಅದರ ಅಡಿಯಲ್ಲಿ ಅಂಗೈಯಗಲ ಕಪ್ಪು. ಮುಟ್ಟಿದರೆ ನಾರು ಪುಡಿಯಾಗಿ ಉದುರಿತು. ಎರಡು ವಾರಗಳಿಂದ ಕೊಟ್ಟಿಗೆಯ ಕಡೆಯಿಂದ ಸುಟ್ಟ ವಾಸನೆಯು ಬರುತ್ತಿದ್ದುದನ್ನು ನಾನು ಬಚ್ಚಲ ಒಲೆಯದೆಂದೇ ತಿಳಿದಿದ್ದೆನು. ಕೊಟ್ಟಿಗೆಯ ಅಟ್ಟದ ಮೇಲೆ ಒಣಹುಲ್ಲು, ತೆಂಗಿನ ಗರಿ. ಗೋಡೆಯಾಚೆ ಅತ್ತಿಗೆಯವರು ಮಲಗುವ ಕೋಣೆ. ಬ್ಯಾಟರಿಯು ಮೂರು ದಿನಗಳಲ್ಲಿ ಸಾಯುತ್ತಿದ್ದುದೇ ನಮ್ಮ ಪುಣ್ಯವಾಯಿತು. ವೃದ್ಧರು ಚಾಪೆಯನ್ನು ಮೂಸಿ ನೋಡಿ ನನ್ನ ಮುಖವನ್ನು ನೋಡಿದರು. ನನಗೆ ಕುಳಿತುಕೊಳ್ಳಬೇಕೆನಿಸಿತು.

ಅಷ್ಟರಲ್ಲಿ ಚಹಾ ತಂದ ಅತ್ತಿಗೆಯವರು ಕಾರಿನ ಹಿಂದಿನ ಬಾಗಿಲಿನ ಬಳಿ ನಿಂತು, "ಅದು ಅಮ್ಮನ ದೀಪವಲ್ಲವೇ?" ಎಂದರು.

ನನಗೆ ತಿಳಿಯದೆಂದೆನು.

"ನಿನಗೆ ಹೇಗೆ ತಿಳಿಯಬೇಕು? ನೀನು ಘಟ್ಟದ ಮೇಲೆ ಶಾಲೆಯಲ್ಲಿದ್ದೆ. ಆ ವರ್ಷ ಮಳೆಗಾಲದಲ್ಲಿ ಅಮ್ಮನಿಗೆ ರಾತ್ರಿ ಉಸಿರು ಕಟ್ಟುತ್ತಿತ್ತು. ಕತ್ತಲೆಯಾದರೆ ಇನ್ನೂ ಹೆಚ್ಚು. ಮಣಿಪಾಲಕ್ಕೆ ಹೋಗುವಾಗ ನನ್ನ ಮುಖ ಕಾಣುತ್ತಿರಬೇಕೆಂದು ಹಟ. ಮೇಲಿನ ದೀಪ ಹಾಕಿದರೆ ಗಾಜಿನಲ್ಲಿ ಹೊಳೆದು ನಿನ್ನ ಅಣ್ಣನಿಗೆ ಮಾರ್ಗ ಕಾಣುತ್ತಿರಲಿಲ್ಲ. ಅದಕ್ಕೆ ಕೆಳಗೆ ಇದನ್ನು ಹಾಕಿದರು. ಒಂದೇ ಮಳೆಗಾಲದಲ್ಲಿ ಏಳು ಸಲ ಹೋಗಿದ್ದೇವೆ."

"ನನಗೆ ಯಾರೂ ಬರೆಯಲಿಲ್ಲವಲ್ಲ?"

"ಅಮ್ಮನೇ ಬೇಡವೆಂದರು. ಮಕ್ಕಳ ಪರೀಕ್ಷೆ ಬಿಟ್ಟು ಓಡಿ ಬರುತ್ತಾನೆ ಎಂದು."

ಇಲ್ಲಿ ಒಂದು ವಿಷಯವನ್ನು ಬರೆಯದೆ ಹೋದರೆ ಈ ಲೇಖನವು ಸುಳ್ಳಾಗುವುದು. 2004ರಲ್ಲಿ ಅಮ್ಮನು ತೀರಿಕೊಂಡಾಗ, ಹದಿಮೂರನೆಯ ದಿನ, ಬಂಧುಗಳೆದುರಿನಲ್ಲಿ, ಕಾಲಕ್ಕೆ ಸರಿಯಾಗಿ ದೊಡ್ಡ ಆಸ್ಪತ್ರೆಗೆ ಕರೆದೊಯ್ದಿದ್ದರೆ ಅಮ್ಮನು ಬದುಕುತ್ತಿದ್ದಳೆಂದು ನಾನು ಅಣ್ಣನಿಗೆ ಹೇಳಿದ್ದೆನು. ಅವನು ಬಾಳೆಲೆಯನ್ನು ಮಡಚಿ ಎದ್ದು ಕೈತೊಳೆಯಲು ಹೋದನು. ಅದಾದ ಮೇಲೆ ಇಪ್ಪತ್ತು ವರ್ಷ ಒಂದೇ ಅಂಗಳದಲ್ಲಿ ನಡೆದಾಡಿದೆವು. ಹಬ್ಬಗಳಲ್ಲಿ ಜತೆಗೆ ಉಂಡೆವು. ಅವನು ಆ ಮಾತನ್ನು ಎತ್ತಲಿಲ್ಲ. ನಾನೂ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಅತ್ತಿಗೆಯವರು ಅಂದು ಅಲ್ಲಿಯೇ ಬಡಿಸುತ್ತಿದ್ದರು. ಈಗ ಅವರಿಗೆ ಅದು ನೆನಪಿದೆಯೋ ಇಲ್ಲವೋ ಎಂದು ಕೇಳುವ ಧೈರ್ಯವು ನನಗೆ ಬರಲಿಲ್ಲ. ಚಹಾವನ್ನು ಕುಡಿದೆನು.

"ಮಾಷ್ಟ್ರೇ, ಕತ್ತರಿಸಿ ಬಿಡುವುದಾ?" ಎಂದು ವೃದ್ಧರು ಕೇಳಿದರು. ಬೇಡವೆಂದೆನು. ಕಂದು ತಂತಿಯಿಂದ ಹೊರಡುವಲ್ಲಿಯೇ ಒಂದು ಚಿಕ್ಕ ಫ್ಯೂಸನ್ನು ಹಾಕಿಸಿದೆವು. ಪ್ಲಾಸ್ಟರಿನ ಜೋಡಣೆಯನ್ನು ಬಿಡಿಸಿ ಬೆಸುಗೆ ಹಾಕಿ ಸರಿಯಾದ ಟೇಪು ಸುತ್ತಿದೆವು. ಮೈಗೆ ತಾಗಿ ಸವೆದಿದ್ದ ಒಂದು ಗೇಣು ತಂತಿಯನ್ನು ಬದಲಿಸಿ, ಉಳಿದ ಹಳದಿಯನ್ನು ಹಾಗೆಯೇ ಇರಿಸಿದೆವು. ಗುಬುಟಿಯ ಪಕ್ಕದಲ್ಲಿ ಒಂದು ಕೆಂಪು ಚುಕ್ಕೆಯನ್ನು ನಾನೇ ಬಣ್ಣದಿಂದ ಇಟ್ಟೆನು. ಪ್ಲಾಸ್ಟರಿನ ತುಂಡನ್ನು ವೃದ್ಧರು ಕಸಕ್ಕೆ ಎಸೆದಿದ್ದರು; ಅವರು ಹೋದ ಮೇಲೆ ಹೆಕ್ಕಿ ತಂದೆನು.

ಹತ್ತು ದಿವಸ ಕಾರನ್ನು ಮುಟ್ಟಲಿಲ್ಲ. ಹನ್ನೊಂದನೆಯ ದಿನ ಬೆಳಿಗ್ಗೆ ಕೀಲಿ ತಿರುಗಿಸಿದೊಡನೆ ಹೊರಟಿತು. ಅಣ್ಣನ ಮಗನಿಗೆ ದೂರವಾಣಿಯಲ್ಲಿ ತಿಳಿಸಿ, ನೋಂದಣಿಯ ಹತ್ತು ಸಾವಿರವನ್ನು ನಾನು ಕೊಡುತ್ತೇನೆಂದೆನು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಚಿಕ್ಕಪ್ಪಾ, ನೀವೇ ಬಿಡುವುದಾದರೆ ಇರಲಿ; ರಾತ್ರಿ ಮಾತ್ರ ಬಿಡಬೇಡಿ" ಎಂದನು.

ಆ ಸಂಜೆ ಅತ್ತಿಗೆಯವರನ್ನು ಕೂರಿಸಿಕೊಂಡು ಕಾರ್ಕಳದ ವರೆಗೆ ಹೋಗಿ ಬಂದೆನು. ಬರುವಾಗ ಕತ್ತಲೆಯಾಯಿತು. ಗುಬುಟಿಯನ್ನು ಎಳೆಯಲೇ ಎಂದು ಕೇಳಿದೆನು.

"ಈಗ ಯಾಕೆ? ಬ್ಯಾಟರಿ ಹೋದೀತು" ಎಂದರು. ಬಜಗೋಳಿಯ ಪೇಟೆಯ ದೀಪಗಳು ಕಾಣತೊಡಗಿದ ಮೇಲೆ, "ಒಂದು ಸಲ ಎಳೆ, ನೋಡುವ" ಎಂದರು.