ಆನೆಗೆ ಅಮಲೇರಿತ್ತೇ?

2022ರ ನವೆಂಬರ್ ತಿಂಗಳು. ಒಡಿಶಾದ ಕಿಯೋಂಝರ್ ಜಿಲ್ಲೆಯ ಕೆಲವು ಹಳ್ಳಿಗರು ಬೆಳಗಾಗೆದ್ದು ಕಾಡಿಗೆ ಹೋದರು. ಸಾರಾಯಿ ಕಾಯಿಸಲೆಂದು ದೊಡ್ಡ ಮಡಕೆಗಳಲ್ಲಿ ಹಿಪ್ಪೆ ಹೂ ನೆನೆಹಾಕಿ ಬಂದಿದ್ದರು. ನೋಡಿದರೆ ಮಡಕೆಗಳೆಲ್ಲ ಒಡೆದಿವೆ, ಹುಳಿನೀರು ಮಾಯವಾಗಿದೆ. ಪಕ್ಕದಲ್ಲೇ 24 ಆನೆಗಳು ಹಾಯಾಗಿ ಮಲಗಿವೆ! ಕೂಗಿದರೂ ಏಳಲಿಲ್ಲ. ಅರಣ್ಯ ಇಲಾಖೆಯವರು ಬಂದು ಡೋಲು ಬಡಿದ ಮೇಲೆಯೇ ಎದ್ದು ಕಾಡಿನೊಳಕ್ಕೆ ಹೋದವು. 'ಕುಡಿದು ಮಲಗಿದ್ದವು' ಎಂದರು ಹಳ್ಳಿಗರು. 'ಸುಮ್ಮನೆ ದಣಿವಾರಿಸಿಕೊಳ್ಳುತ್ತಿದ್ದಿರಬಹುದು' ಎಂದರು ಇಲಾಖೆಯವರು. ಸುದ್ದಿಯಾಗಿ ಓಡಿದ್ದು ಮಾತ್ರ ಮೊದಲನೆಯ ಮಾತೇ.

ಕುಡುಕ ಆನೆಯ ಕಥೆ ಹಳೆಯದು. 1974ರಲ್ಲಿ ಬಂದ 'ಆ್ಯನಿಮಲ್ಸ್ ಆರ್ ಬ್ಯೂಟಿಫುಲ್ ಪೀಪಲ್' ಚಿತ್ರದಲ್ಲಿ ಆಫ್ರಿಕಾದ ಆನೆ, ಕೋತಿಗಳು ಮರೂಲಾ ಹಣ್ಣು ತಿಂದು ತೂರಾಡುವ ದೃಶ್ಯವಿದೆ. ನೋಡಿದವರೆಲ್ಲ ನಕ್ಕು ನಂಬಿದರು. 2006ರಲ್ಲಿ ಬ್ರಿಸ್ಟಲ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಲೆಕ್ಕ ಹಾಕಿದರು. ಆನೆಯ ಗಾತ್ರಕ್ಕೆ ಅಮಲೇರಬೇಕಾದರೆ ಅದು ದಿನದ ಊಟದ ಹಲವು ಪಟ್ಟು ಹಣ್ಣನ್ನೇ ತಿನ್ನಬೇಕು. ಅದೂ ಕೊಳೆತು ಹುಳಿತದ್ದನ್ನು. ಆನೆಗೋ ಮರದ ಮೇಲಿನ ತಾಜಾ ಹಣ್ಣೇ ಇಷ್ಟ!

ಕಥೆ ಅಲ್ಲಿಗೇ ಮುಗಿಯಲಿಲ್ಲ. 2020ರಲ್ಲಿ ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯದ ಸಂಶೋಧಕರು ಹೊಸ ಅಂಶವೊಂದನ್ನು ಮುಂದಿಟ್ಟರು. ಮದ್ಯಸಾರವನ್ನು ಅರಗಿಸಲು ನೆರವಾಗುವ ಒಂದು ಜೀನು ಆನೆಗಳಲ್ಲಿ ಕೆಟ್ಟುಹೋಗಿದೆ. ಹಾಗಾಗಿ ಮೈ ದೊಡ್ಡದೆಂದು ತಡೆದುಕೊಳ್ಳುವ ಶಕ್ತಿಯೂ ದೊಡ್ಡದೆನ್ನುವಂತಿಲ್ಲ. ಮರದ ಹಣ್ಣಿಗೆ ಏರದ ಅಮಲು ಮನುಷ್ಯನ ಮಡಕೆಯಿಂದ ಏರಲೂಬಹುದು.

ಅಷ್ಟಕ್ಕೂ ಪ್ರಾಣಿಗಳು ಹುಡುಕುವುದು ಏನನ್ನು? ಮಾಗಿದ ಹಣ್ಣಿನ ಸಕ್ಕರೆಯನ್ನು ಕಣ್ಣಿಗೆ ಕಾಣದ ಯೀಸ್ಟ್ ತಿಂದಾಗ ಮದ್ಯಸಾರ ಹುಟ್ಟುತ್ತದೆ. ಅದರ ವಾಸನೆ ಗಾಳಿಯಲ್ಲಿ ದೂರ ಸಾಗುತ್ತದೆ. 'ಇಲ್ಲಿ ಸಿಹಿಯಿದೆ, ಬನ್ನಿ' ಎಂದು ಅದು ಹಸಿದ ಹೊಟ್ಟೆಗೆ ಕಳಿಸುವ ಕರೆಯೋಲೆ ಎಂಬುದು ಅಮೆರಿಕದ ಜೀವವಿಜ್ಞಾನಿ ರಾಬರ್ಟ್ ಡಡ್ಲಿಯವರ ವಾದ. ಮಲೇಷ್ಯಾದ ಕಾಡಿನಲ್ಲಿ ಇಲಿಯಷ್ಟೇ ಇರುವ ಟ್ರೀಶ್ರೂ ಎಂಬ ಪ್ರಾಣಿ ರಾತ್ರಿ ಹೊತ್ತು ತಾಳೆಜಾತಿಯ ಗಿಡವೊಂದರ ಮಕರಂದ ನೆಕ್ಕುತ್ತದೆ. ಅದರಲ್ಲಿ ಶೇ. 3.8ರವರೆಗೂ ಮದ್ಯಸಾರವಿರುತ್ತದೆ. ಆದರೂ ಅದು ತೂರಾಡಿದ್ದನ್ನು ಸಂಶೋಧಕರು ಕಾಣಲಿಲ್ಲ. ತೂರಾಡಿದರೆ ಗೂಬೆಗೋ ಹಾವಿಗೋ ಊಟವಾಗಬೇಕಷ್ಟೆ!

ಚಿಂಪಾಂಜಿಗಳ ಕಥೆ ಸ್ವಲ್ಪ ಬೇರೆ. ಪಶ್ಚಿಮ ಆಫ್ರಿಕಾದ ಗಿನಿ ದೇಶದ ಬೊಸೂ ಎಂಬಲ್ಲಿ ಜನ ತಾಳೆಮರಕ್ಕೆ ಡಬ್ಬ ಕಟ್ಟಿ ಹೆಂಡ ಇಳಿಸುತ್ತಾರೆ. ಚಿಂಪಾಂಜಿಗಳು ಎಲೆ ಅಗಿದು, ಉಂಡೆ ಮಾಡಿ, ಡಬ್ಬದೊಳಗೆ ಅದ್ದಿ ಹೀರುತ್ತವೆ. 17 ವರ್ಷಗಳ ಅವಲೋಕನ 2015ರಲ್ಲಿ ಪ್ರಕಟವಾಯಿತು. ಕುಡಿದ ಮೇಲೆ ಕೆಲವು ಮಲಗಿಬಿಟ್ಟದ್ದೂ ಉಂಟು. ಇಲ್ಲಿಯೂ ಡಬ್ಬ ಕಟ್ಟಿದ್ದು ಮನುಷ್ಯನೇ ಎಂಬುದನ್ನು ಗಮನಿಸಬೇಕು.

'ಪ್ರಾಣಿಗಳೂ ಕುಡಿಯುತ್ತವಲ್ಲ, ಅದು ಪ್ರಕೃತಿ ಸಹಜ' ಎಂದು ಯಾರಾದರೂ ಮಕ್ಕಳ ಮುಂದೆ ಗ್ಲಾಸು ಎತ್ತಿದರೆ ಮಕ್ಕಳು ಒಂದು ಪ್ರಶ್ನೆ ಕೇಳಬಹುದು. ಕಾಡಿನ ಹಣ್ಣಿನಲ್ಲಿರುವುದು ಹನಿಯಷ್ಟು ಮದ್ಯಸಾರ, ಅದರ ಜೊತೆಗೆ ಹೊಟ್ಟೆ ತುಂಬುವ ತಿರುಳು. ಅದನ್ನು ಭಟ್ಟಿ ಇಳಿಸಿ ಶೇ. 40ಕ್ಕೆ ಏರಿಸಿ ಬಾಟಲಿಗೆ ತುಂಬಿದ ಪ್ರಾಣಿ ಯಾವುದು?

ಹುಳಿವಾಸನೆ ಹಿಡಿದು ಊರಿಗೆ ನುಗ್ಗಿದ ಆನೆಯಿಂದ ಮನೆಗಳು ಬಿದ್ದಿವೆ, ಜೀವಗಳೂ ಹೋಗಿವೆ. ಆಗ ದೂರು ಬರುವುದು ಆನೆಯ ಮೇಲೆ. ಪಾಪ, ಅದು ಹಸಿದು ಬಂದಿತ್ತು. ಮಡಕೆ ಇಟ್ಟವರು ಬೇರೆ.