ಬೀಡಿ ಕಟ್ಟುವವರಿಗೆ ಪ್ರಶ್ನಪತ್ರಿಕೆ

ಎಂಬತ್ತರ ದಶಕದಲ್ಲಿ ಬಂಟ್ವಾಳದ ಕಡೆ ಹೆಣ್ಣು ನೋಡಲು ಬಂದವರು ಬೀಡಿ ಕಟ್ಟಲು ಬರುತ್ತದೆಯೇ ಎಂದು ಕೇಳುವುದಿತ್ತು. ಬರುತ್ತದೆ ಎಂದರೆ ಮುಂದಿನ ಪ್ರಶ್ನೆ, ದಿನಕ್ಕೆಷ್ಟು? ಸಾವಿರ ಕಟ್ಟುವವಳ ಮರ್ಯಾದೆಯೇ ಬೇರೆ. ನಮ್ಮಮ್ಮ ಸಾವಿರ ಕಟ್ಟುತ್ತಿದ್ದಳು. ನನ್ನ ನರ್ಸಿಂಗ್ ಫೀಸು ಹುಟ್ಟಿದ್ದು ಅದರಿಂದ, ಜೊತೆಗೆ ಬೀಡಿ ಕಾರ್ಮಿಕರ ಮಕ್ಕಳಿಗೆ ಸಿಗುತ್ತಿದ್ದ ಸ್ಕಾಲರ್‌ಶಿಪ್ಪಿನಿಂದ. ಹೊಗೆಸೊಪ್ಪಿನ ಹಾನಿಯ ಬಗ್ಗೆ ವರ್ಷಗಟ್ಟಲೆ ಪಾಠ ಹೇಳಿದ ನನ್ನನ್ನು ಓದಿಸಿದ್ದು ಹೊಗೆಸೊಪ್ಪೇ.

ರಾತ್ರಿ ನೆನೆಹಾಕಿದ ಎಲೆಯನ್ನು ಬೆಳಿಗ್ಗೆ ತಗಡಿನ ಅಚ್ಚು ಇಟ್ಟು ಕತ್ತರಿಸಬೇಕು. ಆಮೇಲೆ ಗೋಡೆಗೊರಗದೆ ಕಾಲು ನೀಡಿ ಕೂತರೆ ತೊಡೆಯ ಮೇಲೆ ತಡ್ಪೆ ಎಂಬ ಮೊರ, ತಡ್ಪೆಯಲ್ಲಿ ಹೊಗೆಸೊಪ್ಪಿನ ಹುಡಿ. ಎಲೆಗೆ ಚಿಟಿಕೆ ಹುಡಿ ಹಾಕಿ, ಸುರುಟಿ, ತುದಿಯನ್ನು ಉಗುರಿನಿಂದ ಒಳಕ್ಕೆ ಒತ್ತಿ, ನೂಲು ಸುತ್ತಿದರೆ ಒಂದು ಬೀಡಿ. 25ಕ್ಕೆ ಒಂದು ಕಟ್ಟು, 40 ಕಟ್ಟಿಗೆ ಸಾವಿರ. ಕೂಲಿ ಗಂಟೆಗಲ್ಲ, ಸಾವಿರಕ್ಕೆ. ಬೀಡಿ ಕಂಪನಿಯ ಬ್ರಾಂಚಿನಲ್ಲಿ ಚೆಕ್ಕರ್ ಕೈಯಾಡಿಸಿ ಸಡಿಲ ಕಂಡದ್ದನ್ನು ಆಚೆ ಹಾಕಿದರೆ ಅದಕ್ಕೆ ಕೂಲಿಯೂ ಇಲ್ಲ, ಬೀಡಿ ವಾಪಸ್ಸೂ ಇಲ್ಲ. ಆ ನಷ್ಟ ತುಂಬಲು ರಾತ್ರಿ ಚಿಮಣಿ ದೀಪದ ಕೆಳಗೆ ಮತ್ತೆ ಒಂದಿಷ್ಟು. ಎಲೆ ಕತ್ತರಿಸಲು ನಾವು ಮಕ್ಕಳಿದ್ದೆವು.

ಈ ಕೆಲಸ ಮೈಗೆ ಏನು ಮಾಡುತ್ತದೆಂದು ಅಮ್ಮನಿಗೆ ಯಾರೂ ಕಲಿಸಬೇಕಿರಲಿಲ್ಲ. ಹೊಸ ಹುಡಿಯ ಮೂಟೆ ಬಿಚ್ಚಿದ ದಿನ ತಲೆಸುತ್ತು, ವಾಕರಿಕೆ. ಮಳೆಗಾಲದಲ್ಲಿ ಬಾಗಿಲು ಮುಚ್ಚಿ ಕೂತರೆ ಕೆಮ್ಮು. ಸೊಂಟ ಮತ್ತು ಕುತ್ತಿಗೆಗೆ ಮಾತ್ರ ಎಲ್ಲ ಕಾಲವೂ ಒಂದೇ. ನಿಕೋಟಿನ್ ಒದ್ದೆ ಚರ್ಮದ ಮೂಲಕವೂ ರಕ್ತ ಸೇರುತ್ತದೆ ಎಂದು ನಾನು ಓದಿದ್ದು ಎಷ್ಟೋ ಆಮೇಲೆ. ಇಟಲಿಯ ವೈದ್ಯ ಬರ್ನಾರ್ಡಿನೋ ರಾಮಾಝೀನಿ 1700ರಲ್ಲೇ ಕಸುಬುಗಳ ಕಾಯಿಲೆಗಳ ಬಗ್ಗೆ ಪುಸ್ತಕ ಬರೆದು, ಹೊಗೆಸೊಪ್ಪಿನ ಕೆಲಸಗಾರರ ತಲೆನೋವು, ಹೊಟ್ಟೆತೊಳಸನ್ನು ಅದರಲ್ಲಿ ಸೇರಿಸಿದ್ದ. ರೋಗಿಗೆ ‘ನಿನ್ನ ಕೆಲಸವೇನು’ ಎಂದೂ ಕೇಳಿ ಎಂದು ವೈದ್ಯರಿಗೆ ಹೇಳಿಕೊಟ್ಟವನೂ ಆತನೇ. ನಮ್ಮೂರ ಕಡೆಯ ಆಸ್ಪತ್ರೆ ಚೀಟಿಯಲ್ಲಿ ಆ ಪ್ರಶ್ನೆಗೆ ಅಮ್ಮನನ್ನು ಕೇಳದೆಯೇ ‘ಗೃಹಿಣಿ’ ಎಂದು ಬರೆಯುತ್ತಿದ್ದರು. ಮನೆಯಲ್ಲಿ ಕೂತು ಬೀಡಿ ಕಟ್ಟುವವಳೂ ಕಾರ್ಮಿಕಳೇ ಎಂದು 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಹೇಳಿತ್ತು. 1974ರಲ್ಲಿ ಸುಪ್ರೀಂ ಕೋರ್ಟ್ ಆ ಕಾಯ್ದೆಯನ್ನು ಎತ್ತಿಹಿಡಿದದ್ದೂ ಆಗಿತ್ತು. ಚೀಟಿ ಬರೆಯುವವರ ತನಕ ಅದು ತಲುಪಿರಲಿಲ್ಲ, ಅಷ್ಟೆ.

ಆಗಿನ ಆರೋಗ್ಯ ಶಿಕ್ಷಣವೆಂದರೆ ಬೆನ್ನಿಗೆ ಕೊಡೆ ಸಿಕ್ಕಿಸಿಕೊಂಡು ಬರುತ್ತಿದ್ದ ಸಿಸ್ಟರ್. ಕುಟುಂಬ ಯೋಜನೆ, ಕ್ಷಯ, ಮಗುವಿನ ಚುಚ್ಚುಮದ್ದು. ಅಂಗಳದ ತುಂಬ ಬೀಡಿ ಎಲೆ ಹರಡಿರುತ್ತಿತ್ತು. ಅವರು ಅದನ್ನು ದಾಟಿಕೊಂಡೇ ಬಂದು ಕೂರುತ್ತಿದ್ದರು. ಬೀಡಿಯ ಮಾತು ಎತ್ತಿದ್ದು ನನಗೆ ನೆನಪಿಲ್ಲ. ಎತ್ತಿ ಹೇಳುವುದಾದರೂ ಏನನ್ನು?

ಸಂಶೋಧನೆ ಬಂದದ್ದು ತಡವಾಗಿ, ಬಂದಾಗ ಮಾತ್ರ ಪ್ರವಾಹದಂತೆ. 1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಆಯಿತು, ಮಂಗಳೂರಿನಲ್ಲಿ ನರ್ಸಿಂಗ್ ಕಾಲೇಜುಗಳು ಹೆಚ್ಚಿದವು, ಎಂ.ಎಸ್ಸಿ. ಮಾಡುವವರಿಗೆಲ್ಲ ಪ್ರಬಂಧ ಬೇಕಾಯಿತು. ಸ್ಯಾಂಪಲ್ ಹತ್ತಿರದಲ್ಲೇ, ಜಗಲಿಯಲ್ಲಿ ಕೂತಿತ್ತು. ಶೀರ್ಷಿಕೆಯ ಅಚ್ಚು ಒಂದೇ: ಬೀಡಿ ಕಾರ್ಮಿಕರಲ್ಲಿ ಔದ್ಯೋಗಿಕ ಆರೋಗ್ಯ ಅಪಾಯಗಳ ಜ್ಞಾನದ ಮೇಲೆ ಯೋಜಿತ ಬೋಧನೆಯ ಪರಿಣಾಮ. ಮೊದಲ ದಿನ ಪ್ರೀ ಟೆಸ್ಟ್, ಫ್ಲಿಪ್ ಚಾರ್ಟ್ ಹಿಡಿದು ಪಾಠ, ವಾರ ಬಿಟ್ಟು ಪೋಸ್ಟ್ ಟೆಸ್ಟ್. ಪ್ರಶ್ನೆಗಳು ಇಂಗ್ಲಿಷಿನಿಂದ ಗ್ರಾಂಥಿಕ ಕನ್ನಡಕ್ಕೆ ಬಂದಿರುತ್ತಿದ್ದವು. ಉತ್ತರಿಸುವವರು ಮನೆಯಲ್ಲಿ ತುಳು, ಬ್ಯಾರಿ ಆಡುವವರು. ಅಂಕ ಏರುತ್ತಿತ್ತು, ಪಿ ವ್ಯಾಲ್ಯೂ 0.05ಕ್ಕಿಂತ ಕೆಳಗೆ ಇಳಿಯುತ್ತಿತ್ತು. ಅಂಕ ಏರದ ಪ್ರಬಂಧ ಒಂದೂ ನನ್ನ ಕೈಗೆ ಬಂದಿಲ್ಲ. ಉತ್ತರ ಹೇಳಿಕೊಟ್ಟು ವಾರದೊಳಗೆ ಅದೇ ಪ್ರಶ್ನೆ ಕೇಳಿದರೆ ಇನ್ನೇನಾಗಬೇಕು?

ವಿಟ್ಲದ ಹತ್ತಿರ ಒಂದು ಮನೆಯಲ್ಲಿ ಅಂಥ ಪ್ರಬಂಧದ ವಿದ್ಯಾರ್ಥಿನಿಯೊಬ್ಬಳು ಓದಿದಳು: ಬೀಡಿ ಕಟ್ಟುವಾಗ ಮಾಸ್ಕ್ ಧರಿಸಬೇಕು, ಹೌದೋ ಅಲ್ಲವೋ? ಹೌದು ಎಂದರು ಬೀಡಿ ಕಟ್ಟುತ್ತಿದ್ದ ಹೆಂಗಸು. ಕೈಗವಸು? ಅದೂ ಹೌದು. ಗಂಟೆಗೊಮ್ಮೆ ಎದ್ದು ಬೆನ್ನು ನೆಟ್ಟಗೆ ಮಾಡಬೇಕು? ಹೌದೌದು. ಅಷ್ಟೂ ಹೊತ್ತು ಕೈ ನಿಂತಿರಲಿಲ್ಲ. ಕೊನೆಗೆ ಬಲಗೈ ಹೆಬ್ಬೆರಳು ಎತ್ತಿ ತೋರಿಸಿದರು: ಉಗುರಿನ ಅಂಚು ಸವೆದು, ಕಂದು ಬಣ್ಣ ಚರ್ಮದೊಳಗೇ ಇಳಿದಿತ್ತು. “ಗ್ಲೌಸ್ ಹಾಕಿದರೆ ತುದಿ ಮಡಚುವುದು ಹೇಗೆ ಟೀಚರೆ? ಗಂಟೆಗೊಮ್ಮೆ ಎದ್ದರೆ ಬ್ರಾಂಚಿನವರು ಕಾಯ್ತಾರಾ?” ವಿದ್ಯಾರ್ಥಿನಿ ಪೂರ್ಣ ಅಂಕ ಹಾಕಿದಳು. ಹಾಕಲೇಬೇಕು, ಉತ್ತರ ಎಲ್ಲ ಸರಿ ಇತ್ತಲ್ಲ. ಆ ಎರಡು ಪ್ರಶ್ನೆ ಬರೆದುಕೊಳ್ಳಲು ಮಾತ್ರ ಫಾರಮ್ಮಿನಲ್ಲಿ ಜಾಗವಿರಲಿಲ್ಲ.

ನಾವು ನರ್ಸುಗಳೇನು ಬೇರೆ ಇದ್ದೆವೇ? ಸೂಜಿಗೆ ಮತ್ತೆ ಮುಚ್ಚಳ ಹಾಕಬಾರದೆಂದು ಗೊತ್ತಿದ್ದೂ ರಾತ್ರಿ ಪಾಳಿಯಲ್ಲಿ ಹಾಕಿ ಚುಚ್ಚಿಸಿಕೊಳ್ಳದ ನರ್ಸ್ ನನ್ನ ಬ್ಯಾಚಿನಲ್ಲಿ ಅಪರೂಪ. ವೈದ್ಯಕೀಯ ತ್ಯಾಜ್ಯದ ನಿಯಮ 1998ರಲ್ಲಿ ಬಂತು. ಕೈಗೆಟುಕುವ ಕಡೆ ನೀಡಲ್ ಕಟರ್, ಡಬ್ಬ ಬಂದ ಮೇಲೆ ಅಭ್ಯಾಸ ಬದಲಾಯಿತು. ನಮ್ಮ ಜ್ಞಾನದ ಅಂಕ ಅದಕ್ಕೂ ಮೊದಲೇ ಚೆನ್ನಾಗಿಯೇ ಇತ್ತು.

ಈಗ ಬೀಡಿಯ ಪ್ರಬಂಧಕ್ಕೆ ಸ್ಯಾಂಪಲ್ಲೇ ಸಿಗುವುದಿಲ್ಲ. ಬೀಡಿ ಸೇದುವವರು ಕಡಿಮೆ, ವಾರಕ್ಕೆ ಇಷ್ಟೇ ದಿನ ಎಂದು ಎಲೆ ಕೊಡುತ್ತಾರೆ. 2017ರಲ್ಲಿ ಜಿಎಸ್‌ಟಿ ಬಂದಾಗ ಬೀಡಿಯ ಮೇಲೆ 28 ಪರ್ಸೆಂಟ್ ಬಿತ್ತು. 1976ರ ಕಾಯ್ದೆಯಡಿ ಸ್ಕಾಲರ್‌ಶಿಪ್, ಡಿಸ್ಪೆನ್ಸರಿಗೆಂದು ವಸೂಲಾಗುತ್ತಿದ್ದ ಬೀಡಿ ಸೆಸ್ ಅದೇ ವರ್ಷ ರದ್ದಾಯಿತು. ಕಟ್ಟುವವರಲ್ಲಿ ಉಳಿದವರು ಹೆಚ್ಚಾಗಿ ವಯಸ್ಸಾದವರು. ಅವರ ಹೆಣ್ಣುಮಕ್ಕಳು ಜವಳಿ ಅಂಗಡಿಗಳಲ್ಲಿ ದಿನವಿಡೀ ನಿಂತಿರುತ್ತಾರೆ, ಕೆಲವರು ನಮ್ಮ ಕಾಲೇಜುಗಳಲ್ಲೇ ಓದುತ್ತಿದ್ದಾರೆ. ನಿಂತು ನಿಂತು ಕಾಲಿನ ನರ ಉಬ್ಬುವುದರ ಮೇಲೂ ಪ್ರಬಂಧ ಬಂದಿದೆ. ಶೀರ್ಷಿಕೆಯ ಅಚ್ಚು ಹಳೆಯದೇ. ಪ್ರಶ್ನಪತ್ರಿಕೆ ಮಾತ್ರ ಗೂಗಲ್ ಫಾರಂ ಆಗಿ ವಾಟ್ಸ್ಆ್ಯಪಿನಲ್ಲಿ ಹೋಗುತ್ತದೆ. ಸಂಶೋಧಕಿ ಅಂಗಳಕ್ಕೂ ಇಳಿಯಬೇಕಿಲ್ಲ. ಇದು ಸುಧಾರಣೆ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಈಚೆಗೆ ವಿದ್ಯಾರ್ಥಿನಿಯೊಬ್ಬಳು ಗೇರುಬೀಜದ ಕಾರ್ಖಾನೆಯ ಹೆಂಗಸರ ವಿಷಯ ಹಿಡಿದು ಸಲಹೆಗೆ ಬಂದಳು. ಗೇರು ಸಿಪ್ಪೆಯ ಎಣ್ಣೆಗೆ ಕೈ ಸುಟ್ಟು ಕಪ್ಪಾಗುವುದು ಅವರಿಗೂ ಹೊಸದಲ್ಲ. ಶೀರ್ಷಿಕೆಯಿಂದ ‘ಜ್ಞಾನ’ ತೆಗೆದುಹಾಕು ಎಂದೆ. ಕಿಲೋಗೆ ಎಷ್ಟು ಕೂಲಿ, ಕೈ ತೊಳೆಯಲು ನಲ್ಲಿ ಎಷ್ಟು ದೂರ, ಕೊಟ್ಟ ಗ್ಲೌಸ್ ಎಷ್ಟು ದಿನಕ್ಕೆ ಹರಿಯುತ್ತದೆ, ಹರಿದರೆ ಹೊಸದು ಯಾರು ಕೊಡುತ್ತಾರೆ, ಇಷ್ಟನ್ನು ಅಳೆದು ತಾ. ಬರೆದುಕೊಂಡಳು. ಆಮೇಲೆ ಪೆನ್ನು ಮುಚ್ಚುತ್ತ ಕೇಳಿದಳು, “ಮೇಡಂ, ಇದಕ್ಕೆ ಪೋಸ್ಟ್ ಟೆಸ್ಟ್ ಹೇಗೆ ಮಾಡುವುದು? ಇಲ್ಲದಿದ್ದರೆ ಕಮಿಟಿಯವರು ಪಾಸ್ ಮಾಡುವುದಿಲ್ಲ.”