ಕಂಡದ್ದನ್ನೇ ಬರೆದ ಮನ್ಸೂರ್

ಅದು 1620ನೇ ಇಸವಿ. ಮೊಗಲ್ ಬಾದಶಹ ಜಹಾಂಗೀರ್ ಪರಿವಾರ ಸಮೇತ ಕಾಶ್ಮೀರದಲ್ಲಿ ಬೀಡುಬಿಟ್ಟಿದ್ದ. ಒಂದು ದಿನ ಬೆಟ್ಟದ ತೊರೆಯೊಂದರ ಬಳಿ ಚಿಕ್ಕ ಹಕ್ಕಿಯೊಂದು ಅವನ ಕಣ್ಣಿಗೆ ಬಿತ್ತು. ಅದು ರಭಸದಿಂದ ಹರಿಯುವ ನೀರಿನೊಳಕ್ಕೆ ಮುಳುಗುತ್ತಿತ್ತು, ಬಹಳ ಹೊತ್ತು ಒಳಗೇ ಇದ್ದು ಇನ್ನೆಲ್ಲೋ ಮೇಲೇಳುತ್ತಿತ್ತು. ಆಕಾರ ನೋಡಿದರೆ ನೆಲದ ಹಕ್ಕಿ, ನಡವಳಿಕೆ ನೋಡಿದರೆ ನೀರುಹಕ್ಕಿ. ಹಾಗಾದರೆ ಅದರ ಕಾಲ್ಬೆರಳುಗಳ ನಡುವೆ ಬಾತುಕೋಳಿಗೆ ಇರುವಂತೆ ಚರ್ಮದ ಪೊರೆ ಇದೆಯೋ ಇಲ್ಲವೋ? ಬಾದಶಹನಿಗೆ ಕುತೂಹಲ ಹುಟ್ಟಿತು. ಹಿಡಿದು ತರಲು ಹೇಳಿದ. ಎರಡು ಹಕ್ಕಿಗಳು ಸಿಕ್ಕವು. ಒಂದು ಕೂಡಲೇ ಸತ್ತಿತು, ಇನ್ನೊಂದು ಒಂದು ದಿನ ಬದುಕಿತು. ಕಾಲಿನಲ್ಲಿ ಪೊರೆ ಇರಲಿಲ್ಲ. ಜಹಾಂಗೀರ್ ಅದನ್ನು ತನ್ನ ದಿನಚರಿಯಲ್ಲಿ ಬರೆದುಕೊಂಡ. ಹಕ್ಕಿಯ ಚಿತ್ರ ಬರೆಯುವಂತೆ ಉಸ್ತಾದ್ ಮನ್ಸೂರನಿಗೆ ಆಜ್ಞೆ ಮಾಡಿದ.

ಇಂದಿನ ಪಕ್ಷಿಶಾಸ್ತ್ರದಲ್ಲಿ ಡಿಪ್ಪರ್ ಎಂದು ಕರೆಯುವ ಹಕ್ಕಿ ಇದು. ಗುಬ್ಬಿ, ಮೈನಾಗಳ ಗಣಕ್ಕೆ ಸೇರಿದ್ದು. ನೀರಿನ ತಳದಲ್ಲಿ ಓಡಾಡಿ ಹುಳುಗಳನ್ನು ಹೆಕ್ಕಿ ತಿನ್ನುತ್ತದೆ, ಆದರೂ ಕಾಲಿನಲ್ಲಿ ಪೊರೆಯಿಲ್ಲ. ಬಾದಶಹ ಕೇಳಿದ್ದು ಅಪ್ಪಟ ವಿಜ್ಞಾನದ ಪ್ರಶ್ನೆ. ಅದಕ್ಕೆ ಸಿಕ್ಕ ಉತ್ತರವನ್ನು ಕಾಗದದ ಮೇಲೆ ಹಿಡಿದಿಡುವುದು ಮನ್ಸೂರನ ಕೆಲಸವಾಗಿತ್ತು.

ಮನ್ಸೂರ್ ಎಲ್ಲಿ ಹುಟ್ಟಿದ, ಎಂದು ತೀರಿಕೊಂಡ ಎಂಬುದಕ್ಕೆ ದಾಖಲೆಯಿಲ್ಲ. ಅಕ್ಬರನ ಚಿತ್ರಶಾಲೆಯಲ್ಲಿ ಕೆಲಸ ಆರಂಭಿಸಿ, ಬಾಬರನ ಆತ್ಮಕಥೆಯ ಸಚಿತ್ರ ಪ್ರತಿಗಾಗಿ ಪ್ರಾಣಿಗಳ ಚಿತ್ರ ಬರೆದ. ಕೆಲವು ಚಿತ್ರಗಳಲ್ಲಿ ‘ನಕ್ಕಾಶ್’ ಎಂದು ತನ್ನನ್ನು ಕರೆದುಕೊಂಡಿದ್ದಾನೆ. ಹೊತ್ತಗೆಯ ಅಂಚುಗಳಿಗೆ ಹೂಬಳ್ಳಿಯ ಅಲಂಕಾರ ಮಾಡುವ ಕುಶಲಕರ್ಮಿ ಎಂದು ಅದರ ಅರ್ಥ. ಅಂಥವನು ಜಹಾಂಗೀರನ ಕಾಲಕ್ಕೆ ‘ನಾದಿರ್-ಉಲ್-ಅಸ್ರ್’, ಅಂದರೆ ಯುಗದ ಅದ್ಭುತ ಎಂಬ ಬಿರುದು ಪಡೆಯುವ ಮಟ್ಟಕ್ಕೆ ಬೆಳೆದ.

ಜಹಾಂಗೀರನಿಗೆ ಪ್ರಾಣಿಪಕ್ಷಿಗಳ ಹುಚ್ಚು. ತಾನು ಸಾಕಿದ್ದ ಸಾರಸ ಜೋಡಿಗೆ ಲೈಲಾ-ಮಜ್ನು ಎಂದು ಹೆಸರಿಟ್ಟು, ಅವು ಮೊಟ್ಟೆಯಿಟ್ಟು ಕಾವು ಕೂತ ದಿನಗಳನ್ನು ಲೆಕ್ಕ ಹಾಕಿದವನು ಅವನು. 1612ರಲ್ಲಿ ಮುಕರ್ರಬ್ ಖಾನ್ ಎಂಬ ಅಧಿಕಾರಿ ಪೋರ್ಚುಗೀಸರ ಗೋವೆಯಿಂದ ಕೆಲವು ವಿಚಿತ್ರ ಜೀವಿಗಳನ್ನು ತಂದೊಪ್ಪಿಸಿದ. ಅವುಗಳಲ್ಲಿ ಟರ್ಕಿ ಕೋಳಿಯೂ ಒಂದು. ಅಮೆರಿಕ ಮೂಲದ ಈ ಹಕ್ಕಿ ಹಡಗೇರಿ ಗೋವೆಗೆ ಬಂದು, ಅಲ್ಲಿಂದ ಮೊಗಲ್ ಆಸ್ಥಾನ ಸೇರಿತ್ತು. ಅದರ ತಲೆ, ಕತ್ತುಗಳ ಬಣ್ಣ ಓತಿಕ್ಯಾತದ ಮೈಯಂತೆ ಬದಲಾಗುವುದನ್ನು ಕಂಡು ಬಾದಶಹ ಬೆರಗಾದ. ಮುತ್ತಜ್ಜ ಬಾಬರ್ ಪ್ರಾಣಿಗಳನ್ನು ವರ್ಣಿಸಿ ಬರೆದನೇ ಹೊರತು ಚಿತ್ರ ಬರೆಸಲಿಲ್ಲ. ತಾನು ಎರಡನ್ನೂ ಮಾಡಿಸುವೆ ಎಂದು ದಿನಚರಿಯಲ್ಲಿ ಹೇಳಿಕೊಂಡ. ಮನ್ಸೂರನದೆನ್ನಲಾದ ಆ ಟರ್ಕಿ ಕೋಳಿಯ ಚಿತ್ರ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ.

1621ರಲ್ಲಿ ಅಬಿಸೀನಿಯದಿಂದ ಜೀಬ್ರಾ ಬಂತು. ಯಾರೋ ಕತ್ತೆಗೆ ಪಟ್ಟೆ ಬಳಿದಿದ್ದಾರೆಂದು ಕೆಲವರಿಗೆ ಗುಮಾನಿ. ಚೆನ್ನಾಗಿ ಪರೀಕ್ಷಿಸಿ ನೋಡಿದ ಮೇಲೆ ಪಟ್ಟೆಗಳು ನಿಜವೆಂದು ಖಚಿತವಾಯಿತು. ಆಮೇಲೆ ಮನ್ಸೂರ್ ಕುಂಚ ಹಿಡಿದ. ಬಾದಶಹ ತನ್ನ ಕೈಯಾರೆ ಆ ಚಿತ್ರದ ಮೇಲೆ ವಿವರ ಬರೆದ.

ಆ ಕಾಲದ ಕುಂಚವೆಂದರೆ ಅಳಿಲಿನ ಬಾಲದ ಕೂದಲಿನದು. ಲಾಜವರ್ದ ಕಲ್ಲನ್ನು ಅರೆದು ನೀಲಿ, ಮ್ಯಾಲಕೈಟ್ ಖನಿಜದಿಂದ ಹಸಿರು, ಇಂಗಳೀಕದಿಂದ ಕೆಂಪು, ಸೀಸದಿಂದ ಬಿಳಿ. ಇವನ್ನೆಲ್ಲ ಗೋಂದಿನಲ್ಲಿ ಕಲಸಿ, ತೆಳುವಾಗಿ ಪದರ ಪದರವಾಗಿ ಹಚ್ಚಿ, ನುಣುಪು ಕಲ್ಲಿನಿಂದ ಉಜ್ಜಿ ಹೊಳಪು ಕೊಡಬೇಕು. ಪುಕ್ಕದ ಒಂದೊಂದು ಎಳೆಯನ್ನೂ ಬಿಡಿಸಲು ಎಷ್ಟು ತಾಳ್ಮೆ ಬೇಕೆಂಬುದನ್ನು ಊಹಿಸಿಕೊಳ್ಳಬಹುದು. ಆದರೆ ತಾಳ್ಮೆಗಿಂತ ದೊಡ್ಡ ಗುಣವೊಂದು ಮನ್ಸೂರನಲ್ಲಿತ್ತು.

ಪ್ರೌಢಶಾಲೆಯ ವಿಜ್ಞಾನದ ರೆಕಾರ್ಡ್ ಪುಸ್ತಕ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಮೇಜಿನ ಮೇಲೆ ದಾಸವಾಳದ ಹೂ ಇಟ್ಟು ಚಿತ್ರ ಬರೆಯಿರಿ ಎಂದರೆ, ತರಗತಿಯ ಮುಕ್ಕಾಲು ಪಾಲು ಮಕ್ಕಳು ಪಠ್ಯಪುಸ್ತಕದ ಚಿತ್ರವನ್ನು ನಕಲು ಮಾಡುತ್ತಾರೆ. ಎದುರಿಗಿರುವ ಹೂವಿನ ಒಂದು ದಳ ಮಡಚಿಕೊಂಡಿರುತ್ತದೆ, ಇನ್ನೊಂದನ್ನು ಹುಳು ತಿಂದಿರುತ್ತದೆ. ರೆಕಾರ್ಡಿನ ಹೂವಿಗೆ ಮಾತ್ರ ಐದು ದಳಗಳೂ ಸಮ. ತಿಳಿದದ್ದನ್ನು ಬದಿಗಿಟ್ಟು ಕಂಡದ್ದನ್ನು ಬರೆಯುವುದು ಸುಲಭದ ಕೆಲಸವಲ್ಲ. ಹಂಸವೆಂದರೆ ಹೀಗೆ, ಸಿಂಹವೆಂದರೆ ಹೀಗೆ ಎಂದು ಚಿತ್ರಶಾಲೆಗಳಲ್ಲಿ ಸಂಪ್ರದಾಯ ಬೇರೂರಿದ್ದ ಕಾಲದಲ್ಲಿ ಮನ್ಸೂರ್ ಎದುರಿಗಿದ್ದ ಪ್ರಾಣಿಯನ್ನು ನೋಡಿದ.

ಅದರ ಫಲವೇನೆಂಬುದು ತಿಳಿದದ್ದು ಬಹಳ ತಡವಾಗಿ. ಕೋಲ್ಕತ್ತದ ಇಂಡಿಯನ್ ಮ್ಯೂಸಿಯಂನಲ್ಲಿ ಅವನ ಬಿಳಿಯ ಕೊಕ್ಕರೆಯ ಚಿತ್ರವೊಂದಿದೆ. ಅದು ಸೈಬೀರಿಯದ ಕೊಕ್ಕರೆ. ವಿಜ್ಞಾನಿ ಪಲ್ಲಾಸ್ ಈ ಹಕ್ಕಿಯನ್ನು ವರ್ಣಿಸಿ ವೈಜ್ಞಾನಿಕ ಹೆಸರು ಕೊಟ್ಟದ್ದು 1773ರಲ್ಲಿ. ಮನ್ಸೂರ್ ಅದಕ್ಕೂ ಸುಮಾರು ಒಂದೂವರೆ ಶತಮಾನ ಮೊದಲೇ ಅದನ್ನು ಗುರುತು ಹಿಡಿಯುವಷ್ಟು ನಿಖರವಾಗಿ ಬರೆದಿಟ್ಟಿದ್ದ. ಅವನು ಬರೆದ ಬಂಗಾಳದ ಫ್ಲೋರಿಕನ್ ಹಕ್ಕಿಗೂ ವೈಜ್ಞಾನಿಕ ಹೆಸರು ಬಂದದ್ದು 1789ರಲ್ಲಿ.

ಈ ಸೈಬೀರಿಯದ ಕೊಕ್ಕರೆಗಳು ಚಳಿಗಾಲದಲ್ಲಿ ರಾಜಸ್ಥಾನದ ಭರತಪುರಕ್ಕೆ ಬರುತ್ತಿದ್ದವು. 1960ರ ದಶಕದಲ್ಲಿ ಅಲ್ಲಿ ಸುಮಾರು ಇನ್ನೂರು ಹಕ್ಕಿಗಳಿದ್ದವು. ದಾರಿಯುದ್ದಕ್ಕೂ ಬೇಟೆ, ಬತ್ತಿದ ಜೌಗು. ವರ್ಷ ವರ್ಷಕ್ಕೂ ಎಣಿಕೆ ಇಳಿಯಿತು. 2002ರಲ್ಲಿ ಕಂಡ ಜೋಡಿಯೇ ಕೊನೆ. ಅವುಗಳ ಬಂಧುಗಳು ಚೀನಾದ ಪೊಯಾಂಗ್ ಸರೋವರಕ್ಕೆ ಈಗಲೂ ಸಾವಿರಾರು ಸಂಖ್ಯೆಯಲ್ಲಿ ಬರುತ್ತವೆ. ಭರತಪುರಕ್ಕೆ ಬರುವುದಿಲ್ಲ.

ಇನ್ನೊಂದು ಚಿತ್ರ ರಷ್ಯದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿದೆ. ಸಹಿಯಿಲ್ಲ, ಮನ್ಸೂರನದೇ ಇರಬೇಕೆಂದು ತಿಳಿದವರ ಅಭಿಪ್ರಾಯ. ಹಾಳೆಯ ನಡುವೆ ಡೋಡೊ! ಮಾರಿಷಸ್ ದ್ವೀಪದ, ಹಾರಲಾರದ ಆ ದೊಡ್ಡ ಹಕ್ಕಿ. 1598ರಲ್ಲಿ ಡಚ್ಚರು ದ್ವೀಪಕ್ಕೆ ಇಳಿದರು. ಅವರ ಹಿಂದೆಯೇ ಹಂದಿ, ಇಲಿ, ಕೋತಿಗಳೂ ಬಂದವು. 1662ರ ನಂತರ ಡೋಡೊವನ್ನು ನೋಡಿದವರ ಖಚಿತ ದಾಖಲೆಯಿಲ್ಲ. ನಡುವಿನ ಆ ಕೆಲವೇ ವರ್ಷಗಳಲ್ಲಿ ಕೆಲವು ಡೋಡೊಗಳು ಹಡಗಿನಲ್ಲಿ ಭಾರತಕ್ಕೂ ಬಂದಿದ್ದವು. ಸೂರತ್ತಿನಲ್ಲಿ ಎರಡನ್ನು ಕಂಡುದಾಗಿ ಇಂಗ್ಲಿಷ್ ವರ್ತಕ ಪೀಟರ್ ಮಂಡಿ ಬರೆದಿದ್ದಾನೆ. ಯುರೋಪಿನ ಚಿತ್ರಕಾರರ ಡೋಡೊ ಊದಿಕೊಂಡ ಬೊಜ್ಜುಮೈಯ ಹಕ್ಕಿ. ಮೊಗಲ್ ಚಿತ್ರದ ಡೋಡೊ ಅಷ್ಟು ದಪ್ಪಗಿಲ್ಲ, ಬಣ್ಣ ಕಂದು. ಬದುಕಿದ್ದ ಡೋಡೊವಿನ ಅತ್ಯಂತ ನಂಬಲರ್ಹ ಚಿತ್ರಗಳಲ್ಲಿ ಇದೂ ಒಂದೆಂದು ವಿಜ್ಞಾನಿಗಳು ಇದನ್ನು ಆಧಾರವಾಗಿ ಬಳಸುತ್ತಾರೆ.

ಇದನ್ನೆಲ್ಲ ಬರೆಸಿದ ಬಾದಶಹ ಕರುಣಾಳುವಾಗಿದ್ದನೆಂದು ಭಾವಿಸಬೇಕಿಲ್ಲ. ಹನ್ನೆರಡನೇ ವಯಸ್ಸಿನಿಂದ ಐವತ್ತರ ಹೊತ್ತಿಗೆ ತನ್ನ ಸಮಕ್ಷಮದಲ್ಲಿ ಬೇಟೆಯಾದ ಪ್ರಾಣಿಗಳು 28,532, ಅವುಗಳಲ್ಲಿ ತನ್ನ ಕೈಯಿಂದಲೇ ಸತ್ತವು 17,167 ಎಂದು ಅವನೇ ಲೆಕ್ಕ ಬರೆಸಿದ್ದಾನೆ. ಕಾಶ್ಮೀರದ ತೊರೆಯ ಹಕ್ಕಿಗಳೂ ಅವನ ಕುತೂಹಲಕ್ಕೆ ಬಲಿಯಾದವೇ. ಕಾಶ್ಮೀರದಲ್ಲಿ ಮನ್ಸೂರ್ ಬರೆದ ಹೂವುಗಳು ನೂರನ್ನು ಮೀರಿದವೆಂದೂ ಬಾದಶಹ ಹೇಳಿದ್ದಾನೆ. ಇಂದು ಉಳಿದಿರುವುದು ಬೆರಳೆಣಿಕೆಯಷ್ಟು. ಹಕ್ಕಿಗಳಂತೆ ಕಾಗದವೂ ನಶಿಸುತ್ತದೆ.

ಆದರೆ ಡೋಡೊ ಇರುವ ಹಾಳೆಯಲ್ಲಿ ಅದೊಂದೇ ಇಲ್ಲ. ಸುತ್ತ ಇನ್ನೂ ನಾಲ್ಕು ಜಾತಿಯ ಹಕ್ಕಿಗಳಿವೆ. ಕೆಳಗಿನ ಮೂಲೆಯಲ್ಲಿರುವುದು ತಲೆಯ ಮೇಲೆ ಎರಡು ಕಪ್ಪು ಪಟ್ಟೆಯಿರುವ ಹೆಬ್ಬಾತು. ಈ ಹೆಬ್ಬಾತುಗಳು ಇಂದಿಗೂ ಹಿಮಾಲಯವನ್ನು ದಾಟಿ, ಚಳಿಗಾಲದಲ್ಲಿ ನಮ್ಮ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬರುತ್ತವೆ. ಸುತ್ತಲಿನ ಹೊಲಗಳಲ್ಲಿ ಮೇಯುತ್ತವೆ. 2024ರಲ್ಲಿ ಈ ಕೆರೆ ರಾಮ್ಸರ್ ಪಟ್ಟಿಗೂ ಸೇರಿತು.

ಚಿತ್ರಕಾರನ ಮುಂದೆ ನಿಂತ ದಿನ ಡೋಡೊವೂ ಹೆಬ್ಬಾತೂ ಒಂದೇ ಸಮನಾಗಿ ಜೀವಂತವಾಗಿದ್ದವು. ಯಾವುದು ಉಳಿಯುತ್ತದೆ, ಯಾವುದು ಹೋಗುತ್ತದೆ ಎಂದು ಅವನಿಗೆ ಗೊತ್ತಿರಲಿಲ್ಲ. ಎರಡನ್ನೂ ಅಷ್ಟೇ ಎಚ್ಚರದಿಂದ ಬರೆದ. ಮಾಗಡಿ ಕೆರೆಯ ಏರಿಯ ಮೇಲೆ ಈ ಚಳಿಗಾಲ ಒಬ್ಬ ಹುಡುಗನೋ ಹುಡುಗಿಯೋ ಪೆನ್ಸಿಲ್ ಹಿಡಿದು ಕೂತರೆ, ಪಠ್ಯಪುಸ್ತಕವನ್ನು ಚೀಲದಲ್ಲೇ ಬಿಟ್ಟು ಹೆಬ್ಬಾತಿನ ಕಡೆಗೆ ಕಣ್ಣೆತ್ತಿ ನೋಡಲಿ.